ತೋಟದ ಷೆಡ್ಡಿಗೊಂದು ಮಿಲ್ಲಿಂಗ್ ಮೆಷಿನ್: ಕೊಳ್ಳುವ ಮೊದಲು, ಕೂರಿಸುವ ಮೊದಲು



ನಮ್ಮ ಈ ಪುಟಗಳಲ್ಲಿ ಕಾಂಡಕೊರಕ, ಕೊಳೆರೋಗ, ಗೊಬ್ಬರದ ಪ್ರಮಾಣ, ಪೇಟೆ ಧಾರಣೆ ಇವುಗಳ ವಿಷಯ ಬರುವುದು ವಾಡಿಕೆ. ಈ ಸಲ ಕಬ್ಬಿಣದ ವಿಷಯ ಬರೆಯುತ್ತಿದ್ದೇನೆ. ಕಳೆದ ಸರ್ವಸದಸ್ಯರ ಸಭೆ ಮುಗಿದು ಕಾಫಿ ಕುಡಿಯುವ ಹೊತ್ತಿಗೆ ನಾಲ್ಕಾರು ಸದಸ್ಯರು ಸುತ್ತ ನಿಂತು, "ನಿಮ್ಮ ಷೆಡ್ಡಿನಲ್ಲಿ ಅದೇನೋ ದೊಡ್ಡ ಮೆಷಿನ್ ಕೂರಿಸಿದ್ದೀರಂತಲ್ಲ ಸೆಕ್ರೆಟರಿಗಳೇ, ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ?" ಎಂದು ಕೇಳಿದರು. ಎಲ್ಲಿ ಸಿಗುತ್ತದೆ ಎಂಬುದು ಕೊನೆಯ ಪ್ರಶ್ನೆ. ಅದಕ್ಕೆ ಮೊದಲು ನಮ್ಮನ್ನೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಐದಾರು ಇವೆ. ಅವುಗಳಲ್ಲಿ ಎರಡನ್ನು ಕೇಳಿಕೊಳ್ಳದೆ ನಾನು ಒಂದು ಇಡೀ ಮಳೆಗಾಲ ಪಶ್ಚಾತ್ತಾಪ ಪಟ್ಟಿದ್ದೇನೆ. ನನ್ನ ಅನುಭವ ನಿಮ್ಮ ಹಣ ಉಳಿಸಿದರೆ ಈ ಲೇಖನ ಸಾರ್ಥಕ.

ಒಂದು ಮಾತು ಮೊದಲೇ ಸ್ಪಷ್ಟಪಡಿಸುತ್ತೇನೆ. ಮಿಲ್ಲಿಂಗ್ ಎಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ಅಕ್ಕಿ ಗಿರಣಿಯೋ ಕಾಫಿ ಹಲ್ಲರೋ ನೆನಪಾಗುತ್ತದೆ. ನಮ್ಮ ಪಕ್ಕದ ತೋಟದ ಹಿರಿಯರೊಬ್ಬರು ಎರಡು ಮೂಟೆ ಚೆರ್ರಿ ಜೀಪಿಗೆ ಹಾಕಿಕೊಂಡೇ ಬಂದಿದ್ದರು! ಇದು ಅದಲ್ಲ. ಇದು ಕಬ್ಬಿಣ ಕೊರೆಯುವ ಯಂತ್ರ.

ಆ ಡಿಸೆಂಬರ್ ಸಂಜೆ

ನಮ್ಮ ತೋಟ ಇರುವುದು ಎಡಕುಮೇರಿ ಕಡೆಯ ಘಟ್ಟದ ಅಂಚಿನಲ್ಲಿ. ಎಡಕುಮೇರಿಯಲ್ಲಿ ರೈಲ್ವೆ ಸ್ಟೇಷನ್ ಇದೆ. ಲಾರಿ ಹೋಗುವಂಥ ರಸ್ತೆ ಇಲ್ಲ. ಹಾಸನ-ಮಂಗಳೂರು ಮೀಟರ್ ಗೇಜ್ ಹಳಿ 1979ರಲ್ಲಿ ಪೂರ್ತಿಯಾದಾಗ ಇನ್ನು ನಮ್ಮ ಕಷ್ಟ ತೀರಿತೆಂದು ಹಿರಿಯರು ಸಂತೋಷಪಟ್ಟರು. 1996ರಲ್ಲಿ ಬ್ರಾಡ್‌ಗೇಜ್ ಕೆಲಸಕ್ಕೆಂದು ಹಳಿ ಮುಚ್ಚಿತು. ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರಲ್ಲಿ. 2018ರ ಆಗಸ್ಟ್ ಮಳೆಗೆ ಗುಡ್ಡ ಜರಿದು ರೈಲೂ ನಿಂತಿತು, ಶಿರಾಡಿ ಘಾಟಿಯ ರಸ್ತೆಯೂ ನಿಂತಿತು. 2024ರ ಜುಲೈನಲ್ಲಿ ಎಡಕುಮೇರಿಗೂ ಕಡಗರವಳ್ಳಿಗೂ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿಯಿತು. ಇದನ್ನೆಲ್ಲ ಹೇಳುವ ಕಾರಣವಿಷ್ಟೆ: ಪೇಟೆ ಹತ್ತಿರವಿದೆ ಎಂದು ನಂಬಿ ನಾವು ಬದುಕುವ ಹಾಗಿಲ್ಲ.

ಕೆಲವು ವರ್ಷಗಳ ಹಿಂದಿನ ಡಿಸೆಂಬರ್. ಮೇಲಿನ ತಾಕಿನ ಅರೇಬಿಕಾ ಹಣ್ಣು ಕೊಯ್ದು ಸಂಜೆ ಪಲ್ಪರಿಗೆ ಹಾಕಿದೆವು. ಅರ್ಧ ಗಂಟೆಯಲ್ಲಿ ಪುಲ್ಲಿ ಸುತ್ತುತ್ತಿದೆ, ಷಾಫ್ಟ್ ಸುತ್ತುತ್ತಿಲ್ಲ. ಬಿಚ್ಚಿ ನೋಡಿದರೆ ಷಾಫ್ಟಿನಲ್ಲಿ ಕೀ ಕೂರುವ ಗಾಡಿ ತಿಂದುಹೋಗಿ ಅಗಲವಾಗಿತ್ತು, ಕೀ ಮುರಿದಿತ್ತು. ಮಾರನೆಯ ಬೆಳಿಗ್ಗೆ ಷಾಫ್ಟನ್ನು ಪೇಟೆಯ ಒಂದು ವರ್ಕ್‌ಶಾಪಿಗೆ ಹೊತ್ತೊಯ್ದೆ. "ಸಂಜೆ ಕೊಡ್ತೀವಿ" ಎಂದವರು ಕೊಟ್ಟದ್ದು ಮೂರನೆಯ ದಿನ. ಕೊಯ್ಲಿನ ಕಾಲದಲ್ಲಿ ಅವರಿಗೂ ಎಲ್ಲ ತೋಟದ ಕೆಲಸ ಒಟ್ಟಿಗೇ ಬರುತ್ತದೆ, ಅವರನ್ನು ದೂರಿ ಫಲವಿಲ್ಲ. ಆದರೆ ಹಣ್ಣು ನಮ್ಮ ಕಷ್ಟ ಕೇಳುವುದಿಲ್ಲ. ಕೊಯ್ದ ದಿನವೇ ಪಲ್ಪ್ ಆಗಬೇಕಾದ ಹಣ್ಣು ರಾಶಿಯಲ್ಲಿ ಬಿಸಿಯೇರಿ ಹುಳಿವಾಸನೆ ಹೊಡೆಯಿತು. ಒಂದು ಭಾಗವನ್ನು ಕಣದಲ್ಲಿ ಹರಡಿ ಚೆರ್ರಿ ಮಾಡಿದೆವು. ಉಳಿದದ್ದನ್ನು ಪಾರ್ಚ್‌ಮೆಂಟ್ ಮಾಡಿದರೂ ಬಣ್ಣ ಕೆಟ್ಟಿತ್ತು, ಬೆಲೆಯೂ ಬಿತ್ತು. ಕೊರೆದ ಗಾಡಿಯೂ ನಡುಮಧ್ಯಕ್ಕೆ ಇರಲಿಲ್ಲ. ಫೆಬ್ರವರಿಯಲ್ಲಿ ಅದೇ ಕೀ ಮತ್ತೆ ಮುರಿಯಿತು.

ಇದೆಲ್ಲ ಎಂಟು ಮಿಲಿಮೀಟರ್ ಅಗಲದ, ನಾಲ್ಕು ಮಿಲಿಮೀಟರ್ ಆಳದ ಒಂದು ಗಾಡಿಗಾಗಿ. ಸರಿಯಾದ ಯಂತ್ರದಲ್ಲಿ ಅದು ಅರ್ಧ ಗಂಟೆಯ ಕೆಲಸ.

ಯಂತ್ರ ಮಾಡುವ ಕೆಲಸ

ಲೇತ್ ಎಲ್ಲರೂ ನೋಡಿದ್ದೀರಿ. ಅದರಲ್ಲಿ ಕಬ್ಬಿಣ ಸುತ್ತುತ್ತದೆ, ಉಳಿ ನಿಂತಿರುತ್ತದೆ. ಆದ್ದರಿಂದ ದುಂಡಗಿನ ಕೆಲಸಕ್ಕೆ ಅದು ಸರಿ. ಮಿಲ್ಲಿಂಗ್ ಯಂತ್ರದಲ್ಲಿ ಇದಕ್ಕೆ ತದ್ವಿರುದ್ಧ: ಹಲ್ಲುಗಳಿರುವ ಕಟರ್ ಸುತ್ತುತ್ತದೆ, ಕಬ್ಬಿಣವನ್ನು ಮೇಜಿಗೆ ಬಿಗಿದು, ಎಡಕ್ಕೆ ಬಲಕ್ಕೆ, ಹಿಂದಕ್ಕೆ ಮುಂದಕ್ಕೆ, ಮೇಲಕ್ಕೆ ಕೆಳಕ್ಕೆ ಹಿಡಿ ತಿರುಗಿಸಿ ಸರಿಸುತ್ತೇವೆ. ಚಪ್ಪಟೆ ಮೈ, ಚೌಕ ತುದಿ, ಕೀ ಗಾಡಿ, ಗೇರಿನ ಹಲ್ಲು ಇವೆಲ್ಲ ಇದರ ಕೆಲಸ. 1862ರಲ್ಲಿ ಅಮೆರಿಕದ ಬ್ರೌನ್ ಅಂಡ್ ಶಾರ್ಪ್ ಕಂಪನಿಯವರು ಡ್ರಿಲ್ ಬಿಟ್ಟಿನ ಸುರುಳಿ ಗಾಡಿಯನ್ನು ಕೊರೆಯಲೆಂದೇ ಯೂನಿವರ್ಸಲ್ ಮಿಲ್ಲಿಂಗ್ ಯಂತ್ರ ತಯಾರಿಸಿದರು. ಅದಕ್ಕೆ ಮುಂಚೆ ಆ ಗಾಡಿಯನ್ನು ಕೈಯಲ್ಲಿ ಅರದಿಂದ ಉಜ್ಜಿ ಮಾಡುತ್ತಿದ್ದರಂತೆ.

ತೋಟದಲ್ಲಿ ಇದಕ್ಕೆ ಏನು ಕೆಲಸ? ಪಲ್ಪರ್ ಮತ್ತು ಪಂಪಿನ ಷಾಫ್ಟಿನ ಕೀ ಗಾಡಿ, ಅಡಿಕೆ ಸುಲಿಯುವ ಯಂತ್ರದ ಬ್ರಾಕೆಟ್, ಮೋಟಾರ್ ಕೂರಿಸುವ ತಟ್ಟೆಯ ಉದ್ದ ತೂತು, ಸ್ಪ್ರೇಯರಿನ ಸವೆದ ಕಪ್ಲಿಂಗ್, ಗೇಟ್ ವಾಲ್ವಿನ ಚೌಕ ತುದಿ. ಒಂದೊಂದೂ ಸಣ್ಣದು, ಆದರೆ ಒಂದೊಂದೂ ಒಂದು ದಿನದ ಆಳು, ಜೀಪಿನ ಡೀಸೆಲ್, ನಿಂತುಹೋದ ಕೆಲಸ.

ನಿಮಗೆ ಬೇಕೇ?

ಕೈಮುಗಿದು ಹೇಳುತ್ತೇನೆ, ಇದನ್ನು ಓದಿ ಎಲ್ಲರೂ ಯಂತ್ರ ಕೊಳ್ಳಲು ಹೊರಡಬೇಡಿ. ಮೊದಲು ಒಂದು ನೋಟ್‌ಬುಕ್ಕು ಕೊಳ್ಳಿ. ಒಂದು ವರ್ಷ ಪೂರ್ತಿ, ಯಾವ ದಿನ ಏನು ಮುರಿಯಿತು, ಎಲ್ಲಿಗೆ ಕೊಂಡೊಯ್ದಿರಿ, ಎಷ್ಟು ಕೊಟ್ಟಿರಿ, ಎಷ್ಟು ದಿನ ಕೆಲಸ ನಿಂತಿತು, ಇಷ್ಟು ಬರೆಯಿರಿ. ನಾನು ಬರೆದು ನೋಡಿದಾಗ ಗೊತ್ತಾದ ಸಂಗತಿ: ಪೇಟೆಗೆ ಹೋದ ಕೆಲಸಗಳಲ್ಲಿ ಹೆಚ್ಚಿನವು ವೆಲ್ಡಿಂಗ್ ಮತ್ತು ಲೇತ್ ಕೆಲಸ. ಮಿಲ್ಲಿಂಗ್ ಮೂರನೆಯದು. ಆದ್ದರಿಂದ ಕ್ರಮವೂ ಹಾಗೇ ಇರಲಿ: ಮೊದಲು ಒಳ್ಳೆಯ ಬೆಂಚ್ ವೈಸ್, ಅರಗಳು, ವೆಲ್ಡಿಂಗ್ ಸೆಟ್, ನಂತರ ಡ್ರಿಲ್ಲಿಂಗ್ ಮೆಷಿನ್, ಆಮೇಲೆ ಲೇತ್, ಕೊನೆಗೆ ಮಿಲ್ಲಿಂಗ್.

ಐದು ಎಕರೆಯ ಬೆಳೆಗಾರನಿಗೆ ಸ್ವಂತ ಮಿಲ್ಲಿಂಗ್ ಯಂತ್ರ ಬೇಕಿಲ್ಲ. ಅಪರೂಪಕ್ಕೊಂದು ಕೀ ಗಾಡಿಯಾದರೆ ಚಾಣ ಮತ್ತು ಅರದಲ್ಲಿ ತಾಳ್ಮೆಯಿಂದ ಮಾಡಬಹುದು. ಲೇತ್ ಇದ್ದವರು ಅದರ ಕ್ಯಾರೇಜಿಗೆ ಜೋಡಿಸುವ ಮಿಲ್ಲಿಂಗ್ ಸ್ಲೈಡ್ ಹಾಕಿಕೊಂಡು ಸಣ್ಣ ಕೆಲಸ ತೆಗೆಯಬಹುದು. ಆದರೆ ಡ್ರಿಲ್ಲಿಂಗ್ ಮೆಷಿನ್ನಿಗೆ ಎಂಡ್ ಮಿಲ್ ಕಟರ್ ಸಿಕ್ಕಿಸಿ ಪಕ್ಕಕ್ಕೆ ತಳ್ಳಿ ಕೊರೆಯುವ ಸಾಹಸ ಮಾತ್ರ ಬೇಡ. ಡ್ರಿಲ್ಲಿನ ಚಕ್ ನೇರ ಒತ್ತಡಕ್ಕೆ ಮಾಡಿದ್ದು. ಪಕ್ಕದ ಎಳೆತಕ್ಕೆ ಅದರ ಟೇಪರ್ ಸಡಿಲಿ, ಸುತ್ತುತ್ತಿರುವ ಚಕ್ಕೇ ಕಳಚಿ ಬೀಳುತ್ತದೆ.

ಯಾವ ಜಾತಿಯದು?

ಮುಖ್ಯವಾಗಿ ಮೂರು ಬಗೆ ನಮ್ಮ ಗಮನಕ್ಕೆ ಬರುತ್ತವೆ.

ಮೊದಲನೆಯದು ಅಡ್ಡ ಸ್ಪಿಂಡಲ್ಲಿನ ಹಾರಿಜಾಂಟಲ್ ಯಂತ್ರ. ಗಟ್ಟಿಮುಟ್ಟು, ಗೇರ್ ಕೊರೆಯಲು ಉತ್ತಮ. ಆದರೆ ಕಾರ್ಖಾನೆಯ ಅಳತೆಯದಾದರೆ ಎರಡು ಟನ್ ಮುಟ್ಟುತ್ತದೆ, ದಾಟುತ್ತದೆ. ನಮ್ಮ ತೋಟದ ರಸ್ತೆಗೆ ಅದು ಮದ್ದಾನೆ.

ಎರಡನೆಯದು ನೆಟ್ಟಗಿನ ಸ್ಪಿಂಡಲ್ಲಿನ ಟರೆಟ್ ಯಂತ್ರ. ಅಮೆರಿಕದ ಬ್ರಿಡ್ಜ್‌ಪೋರ್ಟ್ ಊರಿನಲ್ಲಿ 1938ರಲ್ಲಿ ಹುಟ್ಟಿದ ಮಾದರಿ. ತಲೆಯನ್ನು ಓರೆ ಮಾಡಬಹುದು, ತೋಳನ್ನು ಮುಂದೆ ಹಿಂದೆ ಎಳೆಯಬಹುದು. ನಮ್ಮ ಪೇಟೆಯಲ್ಲಿ ಇದನ್ನು ಎಂ-ಒನ್-ಟಿ-ಆರ್ ಎನ್ನುತ್ತಾರೆ. ಸುಮಾರು ಒಂದು ಟನ್ ತೂಗುತ್ತದೆ. ರಿಪೇರಿ ಕೆಲಸಕ್ಕೆ ಇದೇ ಅನುಕೂಲ. ನಾನು ಕೊಂಡದ್ದೂ ಇದನ್ನೇ, ಒಂದೂವರೆ ಎಚ್.ಪಿ. ಮೋಟಾರಿನದು.

ಮೂರನೆಯದು ಮೇಜಿನ ಮೇಲೆ ಕೂರುವ ಸಣ್ಣ ಯಂತ್ರ. ನಾಲ್ಕು ಜನ ಎತ್ತಬಹುದು, ಮನೆಯ ಸಿಂಗಲ್ ಫೇಸ್ ಕರೆಂಟಿಗೆ ಓಡುತ್ತದೆ. ಹಗುರವಾದ್ದರಿಂದ ಗಟ್ಟಿ ಕಬ್ಬಿಣದಲ್ಲಿ ನಡುಗುತ್ತದೆ. ಸ್ವಲ್ಪ ಸ್ವಲ್ಪವೇ ಕೊರೆಯುವ ತಾಳ್ಮೆ ಇದ್ದವರಿಗೆ, ರಸ್ತೆ ಕೆಟ್ಟಿದ್ದವರಿಗೆ ಇದು ಕೆಟ್ಟ ಆಯ್ಕೆಯಲ್ಲ.

ಯಂತ್ರ ತಯಾರಿಕೆಯಲ್ಲಿ ನಮ್ಮ ನಾಡು ಹಿಂದೆ ಬಿದ್ದದ್ದಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ಈಗ ಕಾರ್ಖಾನೆ ಮುಚ್ಚಿದ್ದರೂ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ದುಡಿಯುತ್ತಿವೆ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ.ಯನ್ನು ಕೈಗಡಿಯಾರದಿಂದ ಬಲ್ಲವರೇ ಹೆಚ್ಚು. ಅದು ಮೊದಲು ಮಾಡಿದ್ದು ಲೇತ್. 1961ರಲ್ಲಿ ಜರ್ಮನಿಯವರ ಸಹಯೋಗದಿಂದ ಬೆಂಗಳೂರಿನಲ್ಲೇ ಭಾರತ್ ಫ್ರಿಟ್ಜ್ ವರ್ನರ್ ಮಿಲ್ಲಿಂಗ್ ಯಂತ್ರಗಳಿಗಾಗಿ ಶುರುವಾಯಿತು. ಕಾರ್ಖಾನೆಗಳು ಕಂಪ್ಯೂಟರಿನಿಂದ ನಡೆಯುವ ಸಿ.ಎನ್.ಸಿ. ಯಂತ್ರಗಳಿಗೆ ಬದಲಾದಂತೆ ಕೈಯಲ್ಲಿ ನಡೆಸುವ ಈ ಹಳೆಯ ಯಂತ್ರಗಳು ಹೊರಬಿದ್ದವು. ಪೀಣ್ಯದ ಕಡೆ ಹಳೆಯ ಯಂತ್ರ ಮಾರುವವರ ಬಳಿ ಇವು ಸಿಗುತ್ತವೆ. ಒಳ್ಳೆಯ ಹಳೆಯ ಯಂತ್ರ ಕಳಪೆ ಹೊಸದಕ್ಕಿಂತ ಮೇಲು. ಆದರೆ ಎಮ್ಮೆ ಕೊಳ್ಳುವಾಗ ಹಲ್ಲು ನೋಡಿದ ಹಾಗೆ ಇದನ್ನೂ ನೋಡಿಯೇ ಕೊಳ್ಳಬೇಕು.

ಹಳೆಯದನ್ನು ನೋಡುವ ಬಗೆ

ಹೊಸ ಬಣ್ಣ ಕಂಡು ಮರುಳಾಗಬೇಡಿ. ಬಣ್ಣ ಬಳಿಯದೆ ಧೂಳು ಎಣ್ಣೆ ಹತ್ತಿಸಿಕೊಂಡು ನಿಂತ ಯಂತ್ರವೇ ಎಷ್ಟೋ ಸಲ ಪ್ರಾಮಾಣಿಕ. ಜೊತೆಗೆ ಅನುಭವಸ್ಥ ಫಿಟ್ಟರ್ ಒಬ್ಬನನ್ನು ಕರೆದೊಯ್ಯಿರಿ. ಒಂದು ಡಯಲ್ ಗೇಜ್ ಜೇಬಿನಲ್ಲಿರಲಿ. ನೋಡಬೇಕಾದವು ಇವು:

1. ಮೇಜಿನ ಹಿಡಿಯನ್ನು ಒಂದು ಕಡೆಗೆ ತಿರುಗಿಸಿ, ಆಮೇಲೆ ಹಿಂದಕ್ಕೆ ತಿರುಗಿಸಿ. ಮೇಜು ಅಲುಗುವ ಮುಂಚೆ ಹಿಡಿ ಎಷ್ಟು ಗೆರೆ ಸುಮ್ಮನೆ ಓಡುತ್ತದೆ ಎಣಿಸಿ. ಹಳೆಯ ಯಂತ್ರದಲ್ಲಿ ಸ್ವಲ್ಪ ಸಡಿಲು ಇದ್ದೇ ಇರುತ್ತದೆ. ಅರ್ಧ ಮಿಲಿಮೀಟರ್ ದಾಟಿದರೆ ಸ್ಕ್ರೂ ನಟ್ಟು ಸವೆದಿದೆ ಎಂದು ಚೌಕಾಸಿ ಮಾಡಿ.

2. ಮೇಜನ್ನು ಈ ತುದಿಯಿಂದ ಆ ತುದಿಯವರೆಗೆ ಓಡಿಸಿ. ನಡುವೆ ಸಡಿಲ, ತುದಿಯಲ್ಲಿ ಬಿಗಿ ಎನಿಸಿದರೆ ಜಾರುಹಾದಿಯೇ ಸವೆದಿದೆ. ಇದನ್ನು ನಟ್ಟು ಬಿಗಿದು ಸರಿಮಾಡಲಾಗದು, ಬಿಟ್ಟುಬಿಡಿ.

3. ಸ್ಪಿಂಡಲ್ಲಿನ ಒಳಬಾಯಿಗೆ ಡಯಲ್ ಗೇಜ್ ಹಿಡಿದು ಕೈಯಲ್ಲಿ ಸುತ್ತಿಸಿ. ಮುಳ್ಳು 0.02 ಮಿಲಿಮೀಟರ್ ಒಳಗೆ ಆಡಿದರೆ ಚೆನ್ನಾಗಿದೆ. ಆಮೇಲೆ ಹತ್ತು ನಿಮಿಷ ಓಡಿಸಿ ಬೇರಿಂಗಿನ ಸದ್ದು ಕೇಳಿ, ಮುಟ್ಟಿ ಬಿಸಿ ನೋಡಿ.

4. ಸ್ಪಿಂಡಲ್ಲಿನ ಟೇಪರ್ ಯಾವುದು ಕೇಳಿ. ಐ.ಎಸ್.ಒ. 40, ಐ.ಎಸ್.ಒ. 30, ಆರ್-8 ಇವು ಪೇಟೆಯಲ್ಲಿ ಸಿಗುವಂಥವು. ಹೆಸರಿಲ್ಲದ ಟೇಪರ್ ಇರುವ ಯಂತ್ರ ಅಗ್ಗಕ್ಕೆ ಸಿಕ್ಕರೂ ಬೇಡ. ಕಾಲೆಟ್ ಸಿಗದೆ ಅದು ಷೆಡ್ಡಿನ ಅಲಂಕಾರವಾಗುತ್ತದೆ.

5. ಮೇಜಿನ ಮೇಲಿನ ಗಾಯಗಳನ್ನು ನೋಡಿ. ಒಂದೆರಡು ಡ್ರಿಲ್ ತೂತು ಸಹಜ. ಮೈತುಂಬ ಗಾಯವಿದ್ದರೆ ಯಂತ್ರ ಒಳ್ಳೆಯ ಕೈಯಲ್ಲಿ ಬೆಳೆದಿಲ್ಲ ಎಂದರ್ಥ.

ಇನ್ನೊಂದು ಲೆಕ್ಕ ನೆನಪಿರಲಿ. ಯಂತ್ರದ ಬೆಲೆ ಬರೀ ಆರಂಭ. ವೈಸ್, ಕ್ಲ್ಯಾಂಪ್ ಸೆಟ್, ಕಾಲೆಟ್, ಕಟರ್, ಡಯಲ್ ಗೇಜ್, ವೈರಿಂಗ್, ನೆಲದ ಕಾಂಕ್ರೀಟ್, ಲಾರಿ ಬಾಡಿಗೆ ಇವೆಲ್ಲ ಸೇರಿ ನನಗೆ ಯಂತ್ರದಷ್ಟೇ ಇನ್ನೊಂದು ಖರ್ಚು ಬಂತು. ಕೈಯಲ್ಲಿರುವ ಹಣದ ಅರ್ಧಕ್ಕೆ ಸಿಗುವ ಯಂತ್ರವನ್ನೇ ನೋಡಿ.

ಕರೆಂಟಿನ ಪ್ರಶ್ನೆ

ನಾನು ಮೊದಲೇ ಕೇಳಿಕೊಳ್ಳದ ಪ್ರಶ್ನೆಗಳಲ್ಲಿ ಇದು ಒಂದು. ಯಂತ್ರ ಬಂದು ಇಳಿದ ಮೇಲೆ ನೋಡಿದರೆ ಮೋಟಾರು ತ್ರೀ ಫೇಸ್, 415 ವೋಲ್ಟ್. ಷೆಡ್ಡಿಗೆ ಇದ್ದದ್ದು ಸಿಂಗಲ್ ಫೇಸ್. ಪಂಪ್‌ಸೆಟ್ಟಿನ ತ್ರೀ ಫೇಸ್ ಇದೆಯಲ್ಲ ಎಂದುಕೊಂಡೆ. ಅದು ದಿನಕ್ಕೆ ಕೆಲವೇ ಗಂಟೆ, ಅದೂ ಎಷ್ಟೋ ಸಲ ರಾತ್ರಿ. ಮೇಲಾಗಿ ನೀರಾವರಿಗೆ ಕೊಟ್ಟ ಸಂಪರ್ಕವನ್ನು ವರ್ಕ್‌ಶಾಪಿಗೆ ಬಳಸುವುದು ಕ್ರಮವಲ್ಲ. ಬೇಕಾದವರು ವಿದ್ಯುತ್ ನಿಗಮಕ್ಕೆ ಅರ್ಜಿ ಕೊಟ್ಟು ಬೇರೆ ಸಂಪರ್ಕ ಪಡೆಯಬೇಕು.

ಇದಕ್ಕೆ ಈಗ ಸುಲಭ ಪರಿಹಾರವಿದೆ. ವಿ.ಎಫ್.ಡಿ. ಎಂಬ ಪೆಟ್ಟಿಗೆ 230 ವೋಲ್ಟ್ ಸಿಂಗಲ್ ಫೇಸ್ ತೆಗೆದುಕೊಂಡು 230 ವೋಲ್ಟ್ ತ್ರೀ ಫೇಸ್ ಕೊಡುತ್ತದೆ. ವೇಗವನ್ನೂ ಗುಂಡಿ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು. ಗಮನಿಸಿ, ಹೊರಬರುವುದು 415 ಅಲ್ಲ, 230. ಆದ್ದರಿಂದ ಮೋಟಾರಿನ ಹೆಸರು ಫಲಕದಲ್ಲಿ 'ಡೆಲ್ಟಾ 230, ಸ್ಟಾರ್ 415' ಎಂದಿದ್ದರೆ ಮಾತ್ರ, ಎಲೆಕ್ಟ್ರಿಷಿಯನ್ ಒಳಗಿನ ಜೋಡಣೆಯನ್ನು ಸ್ಟಾರ್‌ನಿಂದ ಡೆಲ್ಟಾಕ್ಕೆ ಬದಲಿಸಿ ಓಡಿಸಬಹುದು. ಸಣ್ಣ ಮೋಟಾರುಗಳಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ. ದೊಡ್ಡ ಮೋಟಾರುಗಳನ್ನು 415 ವೋಲ್ಟಿಗೇ ಡೆಲ್ಟಾ ಸುತ್ತಿರುವುದುಂಟು. ಅವುಗಳಿಗೆ ಈ ಉಪಾಯ ನಡೆಯದು. ಕೊಳ್ಳುವ ದಿನವೇ ಆ ಫಲಕದ ಫೋಟೋ ತೆಗೆದು ನಿಮ್ಮ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಅರ್ತಿಂಗ್ ಗುಂಡಿ ಯಂತ್ರಕ್ಕೆಂದೇ ಹೊಸದಾಗಿ ತೆಗೆಸಿ. ನೆಲ ತೇವವಿರುವ ನಮ್ಮ ಕಡೆ ಇದು ಪ್ರಾಣದ ಪ್ರಶ್ನೆ. ಏಪ್ರಿಲ್-ಮೇ ಗುಡುಗಿನ ದಿನಗಳಲ್ಲಿ ಕೆಲಸ ಮುಗಿದ ಕೂಡಲೇ ಮೇನ್ ಸ್ವಿಚ್ ತೆಗೆಯುವುದು ರೂಢಿಯಾಗಲಿ. ಒಂದು ಸಿಡಿಲಿಗೆ ವಿ.ಎಫ್.ಡಿ. ಸುಟ್ಟುಹೋಗುತ್ತದೆ.

ತರುವುದು, ಇಳಿಸುವುದು

ಕಾಲ ಮುಖ್ಯ. ರೋಬಸ್ಟಾ ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲು, ಅಂದರೆ ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ರಸ್ತೆ ಗಟ್ಟಿಯಿರುತ್ತದೆ, ಆಳೂ ಸಿಗುತ್ತಾರೆ. ಬಿಲ್ ಕೇಳಿ ಪಡೆಯಿರಿ. ಬೆಲೆ 50,000 ರೂಪಾಯಿ ಮೀರಿದರೆ ಸಾಗಣೆಗೆ ಇ-ವೇ ಬಿಲ್ ಬೇಕು. ಲಾರಿ ಹಗಲಲ್ಲೇ ಊರು ಸೇರುವಂತೆ ಹೊರಡಿಸಿ. ಆಲೂರು ದಾಟಿ ನಮ್ಮ ಒಳರಸ್ತೆಗಳಲ್ಲಿ ಕತ್ತಲಾದ ಮೇಲೆ ಆನೆ ಎದುರಾದರೆ ಒಂದು ಟನ್ ಹೊತ್ತ ಲಾರಿ ಹಿಂದಕ್ಕೂ ಬರಲಾರದು.

ಈ ಯಂತ್ರಕ್ಕೆ ತಲೆಭಾರ ಹೆಚ್ಚು, ಸುಲಭವಾಗಿ ಮಗುಚುತ್ತದೆ. ಹೇರುವ ಮೊದಲು ಮೇಜನ್ನು ಆದಷ್ಟು ಕೆಳಗಿಳಿಸಿ, ತೋಳನ್ನು ಹಿಂದಕ್ಕೆ ಎಳೆದು ಬಿಗಿಯಿರಿ. ಟರೆಟ್ ಯಂತ್ರದ ತಲೆಯನ್ನು ಕೆಳಮುಖ ತಿರುಗಿಸಿದರೆ ಭಾರ ಇನ್ನೂ ಕೆಳಗಿಳಿಯುತ್ತದೆ. ಹಗ್ಗವನ್ನು ಮೇಜಿಗಾಗಲಿ ಹಿಡಿಗಾಗಲಿ ಕಟ್ಟಬಾರದು, ತೋಳಿನ ಕೆಳಗೆ ದೇಹಕ್ಕೇ ಬೆಲ್ಟ್ ಹಾಕಬೇಕು. ನಮ್ಮಲ್ಲಿ ಕ್ರೇನ್ ಬರುವ ಹಾಗಿರಲಿಲ್ಲ. ಮೂರು ಗಟ್ಟಿ ಪೈಪುಗಳ ಮುಕ್ಕಾಲಿ ನಿಲ್ಲಿಸಿ, ಎರಡು ಟನ್ನಿನ ಚೈನ್ ಬ್ಲಾಕಿನಿಂದ ಎತ್ತಿ, ಲಾರಿಯನ್ನೇ ಮುಂದಕ್ಕೆ ಸರಿಸಿ, ಹಲಗೆಯ ಮೇಲೆ ಇಳಿಸಿದೆವು. ಆಮೇಲೆ ಪೈಪಿನ ಉರುಳೆಗಳ ಮೇಲೆ ಹಾರೆ ಹಾಕಿ ಷೆಡ್ಡಿನೊಳಗೆ ತಳ್ಳಿದೆವು. ಆಡಿಸುವವನು ಒಬ್ಬನೇ ಇರಲಿ, ಹತ್ತು ಜನ ಹತ್ತು ಮಾತು ಹೇಳುವುದು ಬೇಡ. ಯಂತ್ರ ವಾಲಿದರೆ ಹಿಡಿಯಲು ಹೋಗಬೇಡಿ, ಬಿಟ್ಟು ದೂರ ಸರಿಯಿರಿ. ಕಬ್ಬಿಣ ಮತ್ತೆ ಬರುತ್ತದೆ, ಕಾಲು ಬರುವುದಿಲ್ಲ.

ಕಡಿದ ನೆಲ, ತುಂಬಿದ ನೆಲ

ನಾನು ಕೇಳಿಕೊಳ್ಳದೆ ಬಿಟ್ಟ ಇನ್ನೊಂದು ಪ್ರಶ್ನೆ ಇದು. ಗುಡ್ಡದ ಇಳಿಜಾರಿನಲ್ಲಿ ನಾವು ಷೆಡ್ಡು ಕಟ್ಟುವಾಗ ಮೇಲಿನ ಅರ್ಧ ಕಡಿದು, ಆ ಮಣ್ಣನ್ನೇ ಕೆಳಗಿನ ಅರ್ಧಕ್ಕೆ ತುಂಬುತ್ತೇವೆ. ಬೆಳಕು ಚೆನ್ನಾಗಿದೆ, ಕಣಿವೆ ಕಾಣುತ್ತದೆ ಎಂದು ಕೆಳಬದಿಯ ಕಿಟಕಿಯ ಹತ್ತಿರ ಯಂತ್ರ ಕೂರಿಸಿದೆ. ಜೂನ್ ಹಿಡಿದ ಮಳೆ ಆಗಸ್ಟಿಗೆ ಬರುವಷ್ಟರಲ್ಲಿ ತುಂಬಿದ ಕೆಮ್ಮಣ್ಣು ನೀರು ಕುಡಿದು ಕೂತಿತು. ಕಾಂಕ್ರೀಟ್ ಬಿರುಕು ಬಿಟ್ಟು ಯಂತ್ರ ಒಂದು ಮೂಲೆಗೆ ವಾಲಿತು. ಆ ಮಳೆಗಾಲ ಪೂರ್ತಿ ಅದನ್ನು ಮುಟ್ಟಲಿಲ್ಲ. ಮುಂದಿನ ಮಾರ್ಚಿಯಲ್ಲಿ ಮತ್ತೆ ಚೈನ್ ಬ್ಲಾಕ್, ಮತ್ತೆ ಉರುಳೆ, ಮತ್ತೆ ಹತ್ತು ಆಳು.

ಆದ್ದರಿಂದ ಯಂತ್ರವನ್ನು ಕಡಿದ ನೆಲದ ಮೇಲೆ, ಗುಡ್ಡದ ಬದಿಗೆ ಕೂರಿಸಿ. ಆ ಬದಿಯಲ್ಲಿ ಮಳೆಗಾಲದಲ್ಲಿ ಒರತೆ ಬರುತ್ತದೆ. ಗೋಡೆಯ ಹಿಂದೆ ನೆಲಮಟ್ಟಕ್ಕಿಂತ ಆಳದ ಚರಂಡಿ ತೆಗೆಯಿರಿ. ಯಂತ್ರದ ಪಾದಕ್ಕಿಂತ ಸುತ್ತಲೂ ಒಂದಡಿ ಹೆಚ್ಚಾಗುವಂತೆ ಆರು ಇಂಚು ದಪ್ಪದ ಕಾಂಕ್ರೀಟ್ ಹಾಕಿ, ಒಳಗೆ ಕಬ್ಬಿಣದ ಸರಳಿನ ಜಾಲರಿ ಇರಲಿ. ಬೋಲ್ಟ್ ಕೂರಿಸುವ ತೂತು ಬಿಟ್ಟಿರಿ. ವಾರವಿಡೀ ನೀರುಣಿಸಿ, ಪೂರ್ತಿ ಬಲ ಬರಲು 28 ದಿನ ಬೇಕು, ಅವಸರ ಬೇಡ. ಮೇಜು ಎರಡೂ ಕಡೆ ಪೂರ್ತಿ ಹೊರಚಾಚಿದಾಗ ಗೋಡೆಗೆ ತಾಗದಷ್ಟು ಜಾಗ ಅಳೆದುಕೊಳ್ಳಿ.

ಮಟ್ಟ ನೋಡುವುದು ಯಂತ್ರದ ಮೇಜಿನ ಮೇಲೆ, ನೆಲದ ಮೇಲಲ್ಲ. ಉದ್ದಕ್ಕೂ ಅಡ್ಡಕ್ಕೂ ಮಟ್ಟಗೋಲು ಇಟ್ಟು, ಪಾದದ ಕೆಳಗೆ ಕಬ್ಬಿಣದ ತೆಳು ತಗಡು ಕೊಟ್ಟು ಸರಿಮಾಡಿ. ಮರದ ಬೆಣೆ ಬೇಡ, ನಮ್ಮ ಹವೆಯಲ್ಲಿ ಅದು ಉಬ್ಬುತ್ತದೆ, ಕುಗ್ಗುತ್ತದೆ. ಕೊನೆಗೆ ತಲೆ ನೆಟ್ಟಗಿದೆಯೇ ನೋಡಬೇಕು: ಸ್ಪಿಂಡಲ್ಲಿಗೆ ಡಯಲ್ ಗೇಜ್ ಕಟ್ಟಿ, ಮುಳ್ಳು ಮೇಜಿಗೆ ತಾಗುವಂತೆ ಕೈಯಲ್ಲಿ ಒಂದು ಸುತ್ತು ತಿರುಗಿಸಿ. ನಾಲ್ಕೂ ದಿಕ್ಕಿನಲ್ಲಿ ಮುಳ್ಳು ಒಂದೇ ಗೆರೆಯಲ್ಲಿ ನಿಲ್ಲುವವರೆಗೆ ತಲೆಯನ್ನು ಸರಿಸಿ ಬಿಗಿಯಿರಿ. 0.02 ಮಿಲಿಮೀಟರ್ ವ್ಯತ್ಯಾಸ ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ.

ತುಕ್ಕೆಂಬ ಕೊಳೆರೋಗ

ಅಡಿಕೆಗೆ ಕೊಳೆರೋಗ ಹೇಗೋ ಮಲೆನಾಡಿನ ಯಂತ್ರಕ್ಕೆ ತುಕ್ಕು ಹಾಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ವಾರ ಕೈಬಿಟ್ಟರೆ ಮೇಜು ಕೆಂಪಾಗುತ್ತದೆ. ಕೆಲಸ ಮುಗಿದ ಮೇಲೆ ಚೂರುಗಳನ್ನು ಬ್ರಷ್ಷಿನಿಂದ ಗುಡಿಸಿ, ಹೊಳೆಯುವ ಮೈಗೆಲ್ಲ 68 ನಂಬರಿನ ಜಾರುಹಾದಿ ಎಣ್ಣೆ ಸವರಿ. ಪ್ಲಾಸ್ಟಿಕ್ ಟಾರ್ಪಾಲಿನ್ ಬಿಗಿಯಾಗಿ ಹೊದಿಸಬೇಡಿ. ಒಳಗೆ ಬೆವರಿ ತುಕ್ಕು ಹೆಚ್ಚುತ್ತದೆ. ಹತ್ತಿ ಬಟ್ಟೆಯ ಹೊದಿಕೆ ಹಾಕಿ, ಒಳಗೆ ಬಟ್ಟೆಗೆ ತಾಗದಂತೆ ಜಾಲರಿ ಇರುವ ಒಂದು ಹಳೆಯ ಬಿಸಿ ಬಲ್ಬು ಉರಿಸಿದರೆ ಮೈ ಬೆಚ್ಚಗಿದ್ದು ತೇವ ಕೂರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಗೊಬ್ಬರ ಮತ್ತು ಮೈಲುತುತ್ತವನ್ನು ಆ ಷೆಡ್ಡಿನಿಂದ ಹೊರಗೆ ಹಾಕಿ. ಪೊಟ್ಯಾಷ್ ಗೊಬ್ಬರ ಉಪ್ಪಿನ ಜಾತಿಯದು, ತೇವ ಎಳೆದು ಕಬ್ಬಿಣ ತಿನ್ನುತ್ತದೆ. ಬೋರ್ಡೋ ದ್ರಾವಣಕ್ಕೆ ತರುವ ಮೈಲುತುತ್ತ ಕಬ್ಬಿಣಕ್ಕೆ ತಾಗಿದರೆ ತಾಮ್ರ ಮೇಲೆ ಕೂತು ಕೆಳಗಿನ ಕಬ್ಬಿಣ ಕರಗುತ್ತದೆ. ಬೋರ್ಡೋವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದೆಂದು ನಾವೆಲ್ಲ ಬಲ್ಲೆವು, ಆದರೆ ಆ ಚೀಲವನ್ನು ಯಂತ್ರದ ಪಕ್ಕ ಒರಗಿಸಿಡುವುದನ್ನು ಬಿಟ್ಟಿಲ್ಲ.

ಆಯುಧಪೂಜೆಯ ದಿನದ್ದೂ ಒಂದು ಮಾತು. ಅರಿಶಿನ ಕುಂಕುಮವನ್ನು ಬಣ್ಣ ಬಳಿದ ಮೈಗೆ ಹಚ್ಚಿ, ಹೂವನ್ನು ತಲೆಗೆ ಮುಡಿಸಿ. ಮೇಜಿನ ಮೇಲೆ ತೇವದ ಕುಂಕುಮ ಬೇಡ. ಮಾರನೆಯ ದಿನ ಆ ಬೊಟ್ಟು ಒರೆಸಿದರೆ ಕೆಳಗೆ ತುಕ್ಕಿನ ಬೊಟ್ಟು ಉಳಿದಿರುತ್ತದೆ.

ಮೊದಲ ಕೆಲಸ

ಹೊಸಬರಿಗೆ ಒಂದು ಉದಾಹರಣೆ ಕೊಡುತ್ತೇನೆ. 25 ಮಿಲಿಮೀಟರ್ ಷಾಫ್ಟಿಗೆ 8 ಮಿಲಿಮೀಟರ್ ಅಗಲದ ಕೀ. ಷಾಫ್ಟಿನಲ್ಲಿ ಗಾಡಿಯ ಆಳ 4 ಮಿಲಿಮೀಟರ್. ಷಾಫ್ಟನ್ನು ವೈಸಿನಲ್ಲಿ ಬಿಗಿದು, 8 ಮಿಲಿಮೀಟರಿನ ಎರಡು ಹಲ್ಲಿನ ಕಟರ್ ಹಾಕಿ. ಷಾಫ್ಟಿನ ಪಕ್ಕಕ್ಕೆ ಎಣ್ಣೆಯಲ್ಲಿ ಅದ್ದಿದ ತೆಳು ಕಾಗದದ ಉದ್ದ ಪಟ್ಟಿ ಅಂಟಿಸಿ, ಸುತ್ತುವ ಕಟರನ್ನು ನಿಧಾನವಾಗಿ ಹತ್ತಿರ ತನ್ನಿ. ಬೆರಳು ಅತ್ತ ಸುಳಿಯಬಾರದು. ಕಾಗದ ಎಗರಿದ ಕ್ಷಣ ಹಿಡಿಯ ಗೆರೆಯನ್ನು ಸೊನ್ನೆಗೆ ಇಡಿ. ಕಟರನ್ನು ಮೇಲೆತ್ತಿ, ಷಾಫ್ಟಿನ ಅರ್ಧ 12.5, ಕಟರಿನ ಅರ್ಧ 4, ಒಟ್ಟು 16.5 ಮಿಲಿಮೀಟರ್, ಜೊತೆಗೆ ಕಾಗದದ ದಪ್ಪ, ಅಷ್ಟು ಅದೇ ದಿಕ್ಕಿನಲ್ಲಿ ಸರಿಸಿ. ಕಟರ್ ಈಗ ಷಾಫ್ಟಿನ ನಡುನೆತ್ತಿಯ ಮೇಲಿದೆ. ಪೇಟೆಯಲ್ಲಿ ನನಗೆ ತಪ್ಪಿ ಕೊರೆದುಕೊಟ್ಟದ್ದು ಇಲ್ಲಿಯೇ.

ವೇಗದ ಲೆಕ್ಕ ಹೀಗೆ: ಸಾಧಾರಣ ಕಬ್ಬಿಣಕ್ಕೆ ಹೈಸ್ಪೀಡ್ ಸ್ಟೀಲ್ ಕಟರ್ ಅಂಚು ನಿಮಿಷಕ್ಕೆ 25 ಮೀಟರ್ ಓಡಬಹುದು. 8 ಮಿಲಿಮೀಟರ್ ಕಟರಿಗೆ ಅದು ನಿಮಿಷಕ್ಕೆ ಸುಮಾರು 1000 ಸುತ್ತು. ಹಳೆಯ ಯಂತ್ರಕ್ಕೆ 800 ಸಾಕು. ಒಂದೊಂದು ಮಿಲಿಮೀಟರಿನಂತೆ ನಾಲ್ಕು ಸಲ ಕೊರೆಯಿರಿ, ಕಟಿಂಗ್ ಎಣ್ಣೆ ಬಿಡುತ್ತಿರಿ. ಅಂಚು ಕೊರೆಯುವ ಕೆಲಸದಲ್ಲಿ ಕಟರ್ ಸುತ್ತುವ ದಿಕ್ಕಿಗೆ ಎದುರಾಗಿಯೇ ಕಬ್ಬಿಣವನ್ನು ಸರಿಸಬೇಕು. ಜೊತೆ ದಿಕ್ಕಿನಲ್ಲಿ ಸರಿಸಿದರೆ ಸ್ಕ್ರೂ ಸಡಿಲಿರುವ ಯಂತ್ರದಲ್ಲಿ ಕಟರ್ ಕಬ್ಬಿಣವನ್ನು ಎಳೆದುಕೊಂಡು ಮುರಿಯುತ್ತದೆ.

ಕೈಗೆ ಗ್ಲೌಸ್ ಬೇಡ. ಕಟರ್ ಗ್ಲೌಸನ್ನು ಹಿಡಿದರೆ ಬೆರಳನ್ನೂ ಹಿಡಿಯುತ್ತದೆ. ಹೆಗಲ ಮೇಲಿನ ಟವೆಲ್, ಸಡಿಲ ತೋಳು, ಪಂಚೆಯ ಅಂಚು ಇವೂ ಬೇಡ. ಕಣ್ಣಿಗೆ ಕನ್ನಡಕ ಇರಲೇಬೇಕು. ಈ ನಿಯಮ ಬರೆದು ಗೋಡೆಗೆ ಹಾಕಿ, ಯಜಮಾನರೇ ಮೊದಲು ಪಾಲಿಸಿ.

ಯಂತ್ರಕ್ಕಿಂತ ದೊಡ್ಡದು ಕೈ

ನಮ್ಮ ಲೈನ್ ಮನೆಯ ಹುಡುಗನೊಬ್ಬ ಐ.ಟಿ.ಐ. ಮುಗಿಸಿ ಬೆಂಗಳೂರಿಗೆ ಹೊರಟು ನಿಂತಿದ್ದ. ಅವನ ತಾಯಿ ನಮ್ಮ ತೋಟದಲ್ಲಿ ಹಣ್ಣು ಕೊಯ್ದೇ ಅವನನ್ನು ಓದಿಸಿದಾಕೆ. ಯಂತ್ರ ಬಂದ ವರ್ಷ, "ಈ ಕೊಯ್ಲು ಮುಗಿಯುವವರೆಗೆ ಇರಪ್ಪ" ಎಂದೆ. ಇದ್ದ. ನಾನು ಪುಸ್ತಕ ನೋಡಿ ಕಲಿತದ್ದಕ್ಕಿಂತ ಅವನ ಕೈ ಹೆಚ್ಚು ಬಲ್ಲದು. ಈಗ ಸುತ್ತಲಿನ ತೋಟಗಳ ಷಾಫ್ಟು, ಕಪ್ಲಿಂಗು ಅವನ ಹತ್ತಿರ ಬರುತ್ತವೆ. ಕೂಲಿ ಅವನದು, ಕರೆಂಟು ಎಣ್ಣೆಯ ಖರ್ಚು ಮಾತ್ರ ನನಗೆ. ಕಳೆದ ಕೊಯ್ಲಿನಲ್ಲಿ ಒಂದು ರಾತ್ರಿ ಒಂಬತ್ತು ಗಂಟೆಗೆ ಪಕ್ಕದ ತೋಟದವರು ಪಲ್ಪರಿನ ಷಾಫ್ಟ್ ಹಿಡಿದು ಬಂದರು. ಹತ್ತೂವರೆಗೆ ಕೊಂಡೊಯ್ದರು. ಹಣ್ಣು ಉಳಿಯಿತು. ಕೊಟ್ಟ ಹಣ ಅಂದಿಗೆ ವಸೂಲಾಯಿತೆಂದು ನನಗನಿಸಿತು.

ಆದ್ದರಿಂದ ನನ್ನ ಸಲಹೆ ಇಷ್ಟು. ಹತ್ತು ಜನ ಹತ್ತು ಯಂತ್ರ ಕೊಂಡು ಹತ್ತು ಷೆಡ್ಡಿನಲ್ಲಿ ತುಕ್ಕು ಹಿಡಿಸುವುದು ಬೇಡ. ನಾಲ್ಕೈದು ಮೈಲಿಯ ಸುತ್ತಳತೆಗೆ ಒಂದು ಯಂತ್ರ, ಅದನ್ನು ಬಲ್ಲ ಒಂದು ಕೈ, ಊರಿನಲ್ಲೇ ಉಳಿಯಲು ಆ ಕೈಗೆ ಸಾಕಷ್ಟು ಕೆಲಸ. ಯಾವ ತೋಟದಲ್ಲಿ ರಸ್ತೆ, ಕರೆಂಟು, ಗಟ್ಟಿ ನೆಲ ಮೂರೂ ಇದೆಯೋ ಅಲ್ಲಿ ಕೂರಲಿ. ಉಳಿದವರು ಕಟರಿಗೋ ವೈಸಿಗೋ ಪಾಲು ಹಾಕಲಿ. ಸಹಕಾರ ಎಂದರೆ ಗೊಬ್ಬರ ಹಂಚುವುದಷ್ಟೇ ಅಲ್ಲವಲ್ಲ.

ಯಂತ್ರ ನೋಡಬೇಕೆನ್ನುವ ಸದಸ್ಯರು ಭಾನುವಾರ ಬೆಳಿಗ್ಗೆ ಬರಬಹುದು. ಬರುವಾಗ ಬರಿಗೈಯಲ್ಲಿ ಬರಬೇಡಿ. ನಿಮ್ಮ ಪಲ್ಪರಿನ ಪುಲ್ಲಿ ಬಿಚ್ಚಿ, ಷಾಫ್ಟಿನ ಕೀ ಗಾಡಿ ಹೇಗಿದೆ ನೋಡಿ, ಸಡಿಲವಿದ್ದರೆ ಹೊತ್ತು ತನ್ನಿ. ಈ ಕೆಲಸವನ್ನು ದಸರೆಗೆ ಮೊದಲೇ ಮಾಡಿ. ಡಿಸೆಂಬರ್ ಸಂಜೆ ಹಣ್ಣಿನ ರಾಶಿ ಮುಂದಿಟ್ಟುಕೊಂಡು ಮಾಡುವ ಕೆಲಸ ಅದಲ್ಲ.